ಕಣ್ಣು ಮುಚ್ಚಿದ ಪಾಸ್‌ಪೋರ್ಟ್ ಫೋಟೋ

ಸರಿಯಾಗಿ ಫ್ಲ್ಯಾಶ್ ಬೀಳುವ ಹೊತ್ತಿಗೆ ಅವನು ಕಣ್ಣು ಮುಚ್ಚಿದ. ಬೇಕೆಂದೇ ಮುಚ್ಚಿದ.

ಸ್ಟುಡಿಯೋದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಕ್ಯಾಮೆರಾಕ್ಕೆ ಟೈಮರ್ ಇಟ್ಟು ಬಿಳಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದವನು ಆ ಸ್ಟುಡಿಯೋದ ಮಾಲೀಕನೇ. ಮೂವತ್ತು ವರ್ಷ ಊರಿನವರ ಪಾಸ್‌ಪೋರ್ಟ್ ಫೋಟೋ ತೆಗೆದಿದ್ದ. ಒಂದೂ ಕಚೇರಿಯಿಂದ ವಾಪಸ್ ಬಂದದ್ದಿಲ್ಲ. ಅಂಥವನ ಸ್ವಂತ ಅರ್ಜಿ ಆಗಲೇ ಎರಡು ಸಲ ವಾಪಸ್ ಬಂದಿತ್ತು. ಮೊದಲ ಫೋಟೋದಲ್ಲಿ ಹಲ್ಲು ಕಾಣಿಸಿತ್ತು, ಎರಡನೆಯದರಲ್ಲಿ ಕಿವಿಯ ಹಿಂದೆ ನೆರಳು. ಇದು ಮೂರನೆಯದು. ಯಾವ ಫೋಟೋ ಪಾಸಾಗುತ್ತದೆಂದು ಬಲ್ಲವನಿಗೆ ಯಾವುದು ಫೇಲಾಗುತ್ತದೆಂದು ಬೇರೆ ಹೇಳಿಕೊಡಬೇಕೆ?

ಇದಕ್ಕೆಲ್ಲ ಕಾರಣ ಒಂದು ಹಡಗು. ಹೆಂಡತಿಯ ತಂಗಿ, ಅವಳ ಗಂಡ ಸೇರಿ ನಾಲ್ವರಿಗೂ ಐದು ದಿನದ ಕ್ರೂಸ್ ಬುಕ್ ಮಾಡಿದ್ದರು.

"ಹಡಗು ನಮ್ಮ ಬಂದರಿಂದ ಹೊರಟು ನಮ್ಮ ಬಂದರಿಗೇ ವಾಪಸ್ ಬರುತ್ತೆ, ಪಾಸ್‌ಪೋರ್ಟ್ ಕಡ್ಡಾಯ ಏನಲ್ಲ," ಎಂದಿದ್ದ ಟಿಕೆಟ್ ಏಜೆಂಟ್. "ಆದರೆ ಮೂರನೇ ದಿನ ಬೇರೆ ದೇಶದ ದ್ವೀಪ ಸಿಗುತ್ತೆ. ಪಾಸ್‌ಪೋರ್ಟ್ ಇದ್ದೋರು ಇಳಿದು ಸುತ್ತಾಡಿ ಬರಬಹುದು. ಇಲ್ಲದೋರು ಪಾಪ, ಸಂಜೆವರೆಗೂ ಖಾಲಿ ಹಡಗಲ್ಲಿ ಸುಮ್ಮನೆ ಕೂತಿರಬೇಕು."

ಖಾಲಿ ಹಡಗು! ಸುಮ್ಮನೆ ಕೂರುವುದು! ಅವನಿಗೆ ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು ಎಂಬಂತಾಯಿತು. ಷಡ್ಡಕ ಮೂರು ದೇಶ ಸುತ್ತಿ ಬಂದವನು, ಆ ಮೂರು ದೇಶದ ಕಥೆಯನ್ನು ಮುನ್ನೂರು ಸಲ ಹೇಳಿದವನು. ನಾದಿನಿ ಕಂಡದ್ದನ್ನೆಲ್ಲ ಕೊಂಡು ಭಾವನ ಕೈಗೆ ಹೊರಿಸುವವಳು. ಹೆಂಡತಿಯಂತೂ ಮಾತ್ರೆ ನುಂಗಿದ್ರಾ, ಬೀಗ ಹಾಕಿದ್ರಾ ಎಂದು ದಿನಕ್ಕೆ ಹತ್ತು ಸಲ ವಿಚಾರಿಸುವವಳು. ಒಂದು ದಿನ, ಒಂದೇ ಒಂದು ದಿನ, ಯಾರ ದನಿಯೂ ಕಿವಿಗೆ ಬೀಳದೆ ಕಾಲು ಚಾಚಿ ಕೂರಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ.

ಹಾಗೆಂದು ಅವನೇನೂ ಮೌನಿಬಾಬಾ ಅಲ್ಲ. ತನ್ನ ಮಾತನ್ನು ಅವನು ಮಾತೆಂದು ತಿಳಿದಿರಲಿಲ್ಲ, ಕಸುಬೆಂದು ತಿಳಿದಿದ್ದ. ಬೀದಿಯವರು ಅವನಿಗೆ ಇಟ್ಟ ಅಡ್ಡಹೆಸರೇ 'ಗದ್ದ ಕೆಳಗೆ'. ಗಿರಾಕಿಗಳಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿದ್ದು ಮನೆಗೂ ಬಂದಿತ್ತು. ಹೆಂಡತಿ ಟೀ ಸೋಸುತ್ತಿದ್ದರೆ "ಸ್ವಲ್ಪ ಎಡಕ್ಕೆ", ತಲೆ ಬಾಚುತ್ತಿದ್ದರೆ "ಭುಜ ಇಳಿಸು", ಪಾಪದವಳು ನಿದ್ದೆ ಹೋಗಿದ್ದರೂ "ಗದ್ದ ಕೆಳಗೆ".

ಅವನ ಉಪಾಯಕ್ಕೆ ಅಡ್ಡಗಾಲು ಹಾಕುತ್ತಿದ್ದವಳು ಅವಳೊಬ್ಬಳೇ.

"ರೀ, ಪಾಸ್‌ಪೋರ್ಟ್ ಏನಾಯ್ತು?"

"ಫೋಟೋ ಸರಿಯಿಲ್ಲ ಅಂತ ಮತ್ತೆ ವಾಪಸ್ ಬಂತು ಕಣೇ."

"ಊರಿಗೆಲ್ಲ ಫೋಟೋ ತೆಗೆಯೋರು, ನಿಮ್ಮ ಮುಖ ಒಂದು ಸರಿಯಾಗಿ ತೆಗೆಯೋಕೆ ಬರಲ್ವಾ? ಇನ್ನೊಂದು ಸಲ ಕೊಡಿ. ಆ ದ್ವೀಪಕ್ಕೆ ನೀವು ಇಳೀಲೇಬೇಕು."

"ನಿನ್ನದು?"

"ನನ್ನ ಚಿಂತೆ ಬಿಡಿ. ನನ್ನದು ನಾನು ನೋಡ್ಕೊಂಡಿದ್ದೀನಿ."

ಅವಳು ಅಷ್ಟಕ್ಕೇ ಬಿಡಲಿಲ್ಲ. ದ್ವೀಪದಲ್ಲಿ ನಡೆಯಲೆಂದು ಅವನಿಗೆ ಹೊಸ ಶೂ ತಂದಳು, ಬಿಸಿಲಿಗೆಂದು ಟೋಪಿ ತಂದಳು. ಏಜೆಂಟನಿಗೆ ಫೋನ್ ಮಾಡಿ, "ಇಳಿದೋರು ಆರು ಗಂಟೆಗೆ ಮುಂಚೆ ವಾಪಸ್ ಬರಲ್ಲ ತಾನೇ?" ಎಂದು ಎರಡೆರಡು ಸಲ ಕೇಳಿದಳು. ಸುತ್ತಾಡಲು ಸಮಯ ಸಾಲದೇ ಹೋದೀತೆಂದು ಎಷ್ಟು ಚಿಂತೆ ಇವಳಿಗೆ, ಗಂಡನ ಮೇಲೆ ಎಷ್ಟು ಅಕ್ಕರೆ ಎಂದುಕೊಂಡಾಗ ಅವನಿಗೆ ನಾಚಿಕೆಯಾಯಿತು. ಆದರೂ ಕಣ್ಣು ಮುಚ್ಚಿದ ಫೋಟೋವನ್ನೇ ಕಳಿಸಿದ.

ಅರ್ಜಿ ಮೂರನೆಯ ಸಲವೂ ವಾಪಸ್ ಬಂದ ದಿನ ಅವಳು ಊಟವನ್ನೇ ಮಾಡಲಿಲ್ಲ.

ಹೊರಡುವ ಹಿಂದಿನ ದಿನ ಸೂಟ್‌ಕೇಸ್ ತುಂಬುವಾಗ ಅವಳ ಬಟ್ಟೆಗಳ ನಡುವಿನಿಂದ ಒಂದು ಕವರ್ ಜಾರಿ ಬಿತ್ತು. ಪಾಸ್‌ಪೋರ್ಟಿಗೆಂದು ಅವನೇ ತೆಗೆದುಕೊಟ್ಟಿದ್ದ ಎಂಟು ಫೋಟೋ, ಕವರಿಗೆ ಹೊಡೆದ ಪಿನ್ ಹೊಡೆದ ಹಾಗೇ ಇತ್ತು. ಎಷ್ಟು ಜೋಪಾನ ಇವಳದು ಎಂದು ಮೆಚ್ಚಿಕೊಂಡು ವಾಪಸ್ ಇಟ್ಟ.

ಮೂರನೆಯ ದಿನ ಬೆಳಗ್ಗೆ ಹಡಗು ದ್ವೀಪದ ಹತ್ತಿರ ನಿಂತಿತು. ಹೆಂಡತಿ ಎಲ್ಲರಿಗಿಂತ ಮೊದಲೇ ತಯಾರಾಗಿದ್ದಳು.

"ಒಬ್ಬರನ್ನೇ ಬಿಟ್ಟು ಹೋಗ್ತಿದ್ದೀವಲ್ಲ," ಎಂದಳು. "ನೀವು ಆರಾಮಾಗಿ ಮಲಗಿರಿ. ಹೊರಗೆ ಸಿಕ್ಕಾಪಟ್ಟೆ ಬಿಸಿಲು, ಸಂಜೆವರೆಗೂ ಕ್ಯಾಬಿನ್ ಬಿಟ್ಟು ಬರಬೇಡಿ."

ಅವನು ಆದಷ್ಟು ಸಪ್ಪೆ ಮುಖ ಮಾಡಿ ತಲೆಯಾಡಿಸಿದ. ಬಾಗಿಲು ಮುಚ್ಚಿದ್ದೇ ತಡ, ಹಾಸಿಗೆಯಿಂದ ಎಗರಿ ಕಿಟಕಿಗೆ ಮುಖವಿಟ್ಟ. ದೋಣಿ ದಡದತ್ತ ಹೊರಟಿತ್ತು. ನಾದಿನಿಯ ಕೆಂಪು ಕೊಡೆ ಕಾಣಿಸಿತು. ಅದರ ಪಕ್ಕದಲ್ಲಿ ಷಡ್ಡಕ ಆಗಲೇ ಯಾರಿಗೋ ಕೈಬೀಸಿ ಬೀಸಿ ಕಥೆ ಹೇಳುತ್ತಿದ್ದ.

"ಹೋಗಿ ಬನ್ನಿ, ಸ್ವಾಮಿ, ಹೋಗಿ ಬನ್ನಿ!" ಎಂದ ಅವನು. ಖುಷಿಗೆ ಎರಡು ಹೆಜ್ಜೆ ಕುಣಿದೂ ಬಿಟ್ಟ.

ಕ್ಯಾಬಿನ್ನಿನಲ್ಲಿ ಬಿದ್ದಿರಲು ಅವನಿಗೇನು ಹುಚ್ಚೇ? ಮೇಲಿನ ಡೆಕ್ಕಿಗೆ ಹೋದ. ಹಿಂಬದಿಯಲ್ಲಿ, ನೆರಳಿದ್ದ ಕಡೆ, ಎರಡೇ ಎರಡು ಒರಗುಕುರ್ಚಿಗಳಿದ್ದವು. ಒಂದರಲ್ಲಿ ಯಾರೋ ಪ್ರಯಾಣಿಕರು ಹಡಗಿನವರು ಕೊಟ್ಟ ದೊಡ್ಡ ಬಿಳಿ ಟವೆಲ್ಲನ್ನು ತಲೆಯಿಂದ ಕಾಲಿನವರೆಗೆ ಹೊದ್ದು ಮಲಗಿದ್ದರು. ಮಾತಾಡದ ಜೊತೆಗಾರರು, ಇನ್ನೇನು ಬೇಕು? ಅವನು ಇನ್ನೊಂದರಲ್ಲಿ ಕಾಲು ಚಾಚಿದ. ಅಲೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆಹಾ, ಇದಲ್ಲವೇ ಬದುಕು!

ಅರ್ಧ ಗಂಟೆ ಕಳೆಯಿತು. ನೆರಳು ಸರಿದು ಬಿಸಿಲು ಪಕ್ಕದ ಟವೆಲ್ಲಿನ ಮೇಲೆ ಓರೆಯಾಗಿ ಬಿತ್ತು. ಟವೆಲ್ಲಿನ ಕೆಳಗೆ ಗದ್ದ ತೀರಾ ಮೇಲಕ್ಕೆದ್ದಿತ್ತು. ನೋಡಬಾರದೆಂದು ಅವನು ಸಮುದ್ರದ ಕಡೆ ತಿರುಗಿದ. ಮತ್ತೆ ನೋಡಿದ. ಹಲ್ಲು ಕಚ್ಚಿ ತಡೆದುಕೊಂಡ. ಹುಟ್ಟುಗುಣ ಸುಟ್ಟರೂ ಹೋಗದು.

"ಸ್ವಲ್ಪ ಎಡಕ್ಕೆ," ಎಂದ. "ಗದ್ದ ಕೆಳಗೆ."

ಟವೆಲ್ಲು ದಡಕ್ಕನೆ ಸರಿಯಿತು. ಒಳಗಿದ್ದದ್ದು ಹೆಂಡತಿ.

"ನೀನಾ? ದ್ವೀಪಕ್ಕೆ ಹೋಗ್ಲಿಲ್ವಾ? ನಿನ್ನ ಪಾಸ್‌ಪೋರ್ಟ್?"

"ನಾನೆಲ್ಲಿ ಮಾಡಿಸ್ದೆ?" ಎಂದು ಅವಳು ಹಣೆ ಚಚ್ಚಿಕೊಂಡಳು. "ನೀವು ಮಾಡಿಸ್ಕೊಳ್ಳಿ, ನೀವು ಮಾಡಿಸ್ಕೊಳ್ಳಿ ಅಂತ ಆರು ತಿಂಗಳಿಂದ ಬಡ್ಕೊಂಡೆನಲ್ರೀ!"