ಉಕ್ಕದ ಹಾಲು

ಹಾಲು ಪಾತ್ರೆಯ ಅಂಚಿಗೆ ಬಂದು ಇನ್ನೇನು ಉಕ್ಕಬೇಕು ಅನ್ನುವಷ್ಟರಲ್ಲಿ ಹಮೀದಾ ಟೀಚರ್ ಗ್ಯಾಸ್ ಆರಿಸಿಬಿಟ್ಟಳು. ಏರಿ ಬಂದಿದ್ದ ನೊರೆ ಹಾಗೇ ಕುಸಿದು ತಳ ಸೇರಿತು. ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಕೀಲಿಸಿ ನಿಂತಿದ್ದ ಮನೆಯೊಡತಿ ರಾಮಲಕ್ಷ್ಮಮ್ಮ ಬೆಪ್ಪಾದಳು. ರಾಮಮೂರ್ತಿ ನಗರದ ತಮ್ಮ ರಾಗಿ ಹೊಲವೆಲ್ಲ ಸೈಟಾಗಿ, ಉಳಿದ ತುಂಡಿನಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಡತೊಡಗಿದ ಮೇಲೆ ಎಷ್ಟೋ ಸಂಸಾರಗಳು ಬಂದು ಹಾಲುಕ್ಕಿಸಿದ್ದನ್ನು ಕಂಡವಳು ಆಕೆ. ಗ್ಯಾಸ್ ಮುಗಿದು ಅರ್ಧಕ್ಕೇ ನಿಂತದ್ದುಂಟು, ಹಾಲು ಒಡೆದದ್ದೂ ಉಂಟು. ಬೇಕೆಂದೇ ಆರಿಸಿದವರನ್ನು ಮಾತ್ರ ನೋಡಿರಲಿಲ್ಲ.

ಹಾಲುಕ್ಕಿಸುವ ಷರತ್ತು ಹಾಕಿದ್ದೂ ಅವಳೇ. ಮೊಮ್ಮಗ ನಿತೀಶನಿಗೆ ಕನ್ನಡ ಕಲಿಸುವ ಟೀಚರ್ ಮನೆ ಹುಡುಕುತ್ತಿದ್ದಾರೆಂದು ಕೇಳಿ, ಗಂಡ ಮುನಿಆಂಜನಪ್ಪ ಶಾಲೆಯ ಗೇಟಿನಲ್ಲೇ ಮಾತು ಕೊಟ್ಟು ಬಂದಿದ್ದ. ಟೀಚರ್ ಹೆಸರು ತಿಳಿದ ದಿನ ರಾಮಲಕ್ಷ್ಮಮ್ಮನಿಗೆ ಊಟ ಸೇರಲಿಲ್ಲ. ಶಿವಾಜಿನಗರಕ್ಕೆ ಹೋದರೆ ಮುಸ್ಲಿಮರ ಅಂಗಡಿಯಲ್ಲೇ ಬಟ್ಟೆ ಆರಿಸುವವಳು, ಅವರೇ ಹೊಲಿದ ರವಿಕೆ ತೊಡುವವಳು. ಆದರೆ ಅಂಗಡಿ ಬೇರೆ, ತಲೆಯ ಮೇಲಿನ ಮನೆ ಬೇರೆ ಎಂಬುದು ಅವಳ ವಾದ. ಬೇಡ ಎಂದು ಬಾಯಿಬಿಟ್ಟರೆ ಗಂಡನ ಮಾತು ಹೋಗುತ್ತದೆ. ಹಾಗಾಗಿ, ನಮ್ಮ ಮನೆಗೆ ಬರುವವರು ಸಾಮಾನು ಇಳಿಸುವ ಮುಂಚೆ ಹಾಲುಕ್ಕಿಸಲೇಬೇಕು ಎಂದು ಹೇಳಿ ಕಳಿಸಿದಳು. ಅವರಲ್ಲಿ ಇದೆಲ್ಲ ಎಲ್ಲಿದೆ, ತಾವಾಗಿಯೇ ಹಿಂದೆ ಸರಿಯುತ್ತಾರೆ ಎಂದುಕೊಂಡಿದ್ದಳು. ಟೀಚರ್ ಒಂದೇ ಮಾತಿಗೆ ಆಗಲಿ ಎಂದುಬಿಟ್ಟಾಗ ಕೈಯಲ್ಲಿದ್ದ ಒಂದು ನೆಪವೂ ಜಾರಿಹೋಯಿತು.

ಹಾಗಂತ ಕುತೂಹಲ ಸುಮ್ಮನೆ ಕೂರಲು ಬಿಟ್ಟೀತೆ? ಬೆಳಿಗ್ಗೆ ಸಾಮಾನು ತುಂಬಿದ ಟೆಂಪೊ ಬಂದು ನಿಂತಿದ್ದೇ ತಡ, ನಲ್ಲಿ ಸೋರುತ್ತಿದೆಯೋ ನೋಡುವ ನೆವ ಮಾಡಿಕೊಂಡು ಮೆಟ್ಟಿಲು ಹತ್ತಿದ್ದಳು. ಟೀಚರ್ ಒಬ್ಬಳೇ ಸ್ಟವ್ವು, ಸಣ್ಣ ಸಿಲಿಂಡರ್ ಹೊತ್ತು ಬಂದಳು. ಅವಳ ತಾಯಿ ಶಂಶುನ್ನೀಸಾ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಟೆಂಪೊದಲ್ಲೇ ಕುಳಿತಿದ್ದರು. ಹೊಸ ಪಾತ್ರೆ, ಅದಕ್ಕೆ ಸುರಿದ ಹಾಲು, ಮೊದಲೇ ಒರೆಸಿದ್ದ ಕಟ್ಟೆ, ಎಲ್ಲವನ್ನೂ ರಾಮಲಕ್ಷ್ಮಮ್ಮ ಒಂದೊಂದಾಗಿ ನೋಡಿದಳು. ಹೆಸರಿಡಲು ಏನೂ ಸಿಗಲಿಲ್ಲ. ಯಾರನ್ನೂ ಕೇಳದೆ ಟೀಚರ್ ಪಾತ್ರೆಯನ್ನು ಪೂರ್ವಕ್ಕೆ ಚೂರು ವಾಲಿಸಿ ಇಟ್ಟಾಗಲಂತೂ, ಇವಳಿಗೆ ಇದನ್ನು ಹೇಳಿಕೊಟ್ಟವರು ಯಾರು ಎಂದು ತಲೆ ಕೆಡಿಸಿಕೊಂಡಳು.

ಈಗ ನೋಡಿದರೆ ಹಾಲು ಉಕ್ಕಲೇ ಇಲ್ಲ. ಅಪಶಕುನ ಎಂದು ಹೇಳಿ ಕೆಳಗಿಳಿದರೆ ಮುಗಿಯಿತು, ಗಂಡನೂ ಬಾಯಿ ಬಿಡುವಂತಿಲ್ಲ. ಆದರೂ ಕೇಳಿಯೇಬಿಟ್ಟಳು.

“ಯಾಕ್ ಟೀಚರಮ್ಮ, ಆರಿಸ್ಬಿಟ್ರಿ? ಹಾಲು ಚೆಲ್ಲಿದ್ರೆ ನಿಮ್ಮಲ್ಲಿ ಆಗಲ್ವಾ?”

“ಹಂಗೇನಿಲ್ಲ ಅಮ್ಮ. ಕಮ್ಮನಹಳ್ಳಿ ಮನೇಲೂ ಉಕ್ಸಿದ್ದೆ. ಪೂರ್ವಕ್ಕೇ ಉಕ್ತು. ಓನರಮ್ಮ ಒಳ್ಳೇದಾಯ್ತು ಅಂತ ನನ್ ಕೈಯಿಂದ್ಲೇ ಒಂದ್ ಲೋಟ ಇಸ್ಕೊಂಡು ಕುಡಿದ್ರು. ಆಮೇಲೆ ಅಕ್ಕಪಕ್ಕದವ್ರು ಏನಂದ್ರೋ ಏನೋ, ಗೋಡೆಗೆ ಮೊಳೆ ಹೊಡ್ಯೋದ್ರೊಳಗೆ ಖಾಲಿ ಮಾಡಿ ಅಂದ್ರು.”

ಮರ್ಫಿ ಟೌನ್‌ನಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ ಎಂದು ಹೇಳಿದಳು. ಸಾಮಾನು ಏರಿಸಿ ಇಳಿಸಿ, ಈ ಹೊಸದೊಂದನ್ನು ಬಿಟ್ಟರೆ ಗಾಯವಾಗದ ಪಾತ್ರೆಯೇ ಮನೆಯಲ್ಲಿಲ್ಲವಂತೆ. ಮೇಲಿಂದ ಕರೆಯದೆ ಇಳಿಯುವುದಿಲ್ಲ ಎಂದು ಅಮ್ಮಿ ಟೆಂಪೊದಲ್ಲೇ ಕೂತುಬಿಟ್ಟಿದ್ದಾರಂತೆ. ಹೇಳುವಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಹಾಗಿದ್ದದ್ದೇ ರಾಮಲಕ್ಷ್ಮಮ್ಮನಿಗೆ ಹೆಚ್ಚು ಕಷ್ಟವಾಯಿತು. ನಾವು ಅಂಥವರಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕಮ್ಮನಹಳ್ಳಿಯವಳೂ ಲೋಟ ಹಿಡಿದು ಇದನ್ನೇ ಹೇಳಿರಬೇಕು ಅನ್ನಿಸಿ ನುಂಗಿಕೊಂಡಳು. ತಾನು ಹೂಡಿದ ಉಪಾಯ ನೆನಪಾಗಿ ಮುಖ ಬಿಸಿಯಾಯಿತು.

“ಈ ಸಲ ಮೊದ್ಲೇ ಕೇಳ್ಬಿಡೋಣ ಅಂತ ಆರಿಸ್ದೆ” ಅಂದಳು ಹಮೀದಾ. “ನಾಳೆ ಅಕ್ಕಪಕ್ಕದವ್ರು ಬಂದು, ಇವ್ರಿಗ್ಯಾಕೆ ಮನೆ ಕೊಟ್ರಿ ಅಂದ್ರೆ ನೀವೇನ್ ಹೇಳ್ತೀರ ಅಮ್ಮ?”

ಇಷ್ಟು ವರ್ಷ ಪ್ರಶ್ನೆ ಕೇಳಿದವಳು ರಾಮಲಕ್ಷ್ಮಮ್ಮ. ಯಾವ ಊರು, ಯಾವ ಜನ, ಮಾಂಸ ಮಾಡ್ತೀರಾ, ನೆಂಟರು ಜಾಸ್ತಿಯಾ. ಬಾಡಿಗೆಗೆ ಬಂದವರು ನೀರು ಎಷ್ಟು ಹೊತ್ತಿಗೆ ಬಿಡ್ತಾರೆ ಎಂದು ಕೇಳಿದರೆ ಹೆಚ್ಚು. ಈ ಟೀಚರ್ ಕೇಳಿ ಸುಮ್ಮನೆ ನಿಂತಿದ್ದಾಳೆ, ಉತ್ತರ ಬರುವವರೆಗೂ ಪಾಠ ಮುಂದೆ ಹೋಗದು ಎಂಬಂತೆ. ರಾಮಲಕ್ಷ್ಮಮ್ಮ ಎದುರುಮನೆಯ ಮುನಿಲಕ್ಷ್ಮಮ್ಮನ ಬಾಯಿಯನ್ನು ನೆನೆದಳು, ನಾದಿನಿಯರನ್ನು ನೆನೆದಳು. ಧೈರ್ಯದ ಮಾತೊಂದನ್ನು ಹುಡುಕಿದಳು. ಸಿಕ್ಕಿದ್ದು ಬೇರೆಯೇ ಮಾತು.

“ನಂಗೇ ಗೊತ್ತಿಲ್ಲ ಕಣಮ್ಮ.”

ಹೇಳಿದ ಮೇಲೆ, ಇವಳೀಗ ಪಾತ್ರೆ ಎತ್ತಿಕೊಂಡು ಹೊರಟುಬಿಡುತ್ತಾಳೆ ಎಂದು ಗಾಬರಿಯಾಯಿತು. ಹೋಗಲಿ ಎಂದಲ್ಲವೇ ತಾನು ಇಷ್ಟು ದಿನ ಬಯಸಿದ್ದು? ಆದರೂ ಗಾಬರಿಯಾಯಿತು.

ಹಮೀದಾ ಪಾತ್ರೆ ಎತ್ತಲಿಲ್ಲ. “ಇಷ್ಟು ನಿಜ ಯಾರೂ ಹೇಳಿರ್ಲಿಲ್ಲ” ಎಂದು ಲೈಟರ್ ಒತ್ತಿ ಗ್ಯಾಸ್ ಹಚ್ಚಿದಳು. ಉರಿಯನ್ನು ತೀರಾ ಸಣ್ಣಗೆ ಮಾಡಿ, ಸ್ಟವ್ವಿನ ಮುಂದಿನ ಜಾಗ ಬಿಟ್ಟು ಗೋಡೆಯ ಕಡೆ ಸರಿದು ನಿಂತಳು.

“ಏನ್ ಹೇಳ್ಬೇಕು ಅಂತ ಗೊತ್ತಾದಾಗ ನೀವೇ ಉರಿ ದೊಡ್ಡದು ಮಾಡಿ ಅಮ್ಮ. ಇಲ್ಲಾಂದ್ರೆ ಆರಿಸ್ಬಿಡಿ.”