ಆಶೀರ್ವಾದದ ಕೈ

ಸ್ವಾಮೀಜಿ ಭಕ್ತರ ತಲೆಯ ಮೇಲಿಡುವ ಬಲಗೈ ಗಡಗಡ ನಡುಗುತ್ತಿತ್ತು. ಶಕ್ತಿ ಹರಿಯುವುದೇ ಹಾಗೆ ಎಂದು ಭಕ್ತರು ನಂಬಿದ್ದರು. ಮಠದ ಮುಂದಿನ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿತ್ತು.

ಒಂದು ದಿನ ಸ್ವಾಮೀಜಿ ಗುಟ್ಟಾಗಿ ನರರೋಗದ ಡಾಕ್ಟರ ಬಳಿ ಬಂದರು.

"ಮಜ್ಜಿಗೆ ಲೋಟ ಬಾಯಿಗೆ ಬರೋದರೊಳಗೆ ಅರ್ಧ ಎದೆ ಮೇಲಿರುತ್ತೆ ಡಾಕ್ಟ್ರೇ. ಹಾಗಂತ ತಲೆ ಕೊಯ್ಯೋದು ಬೇಡ. ಭಕ್ತರಿಗೆ ಹೊಲಿಗೆ ಕಾಣುತ್ತೆ."

"ಕೊಯ್ಯೋದೇ ಇಲ್ಲ ಸ್ವಾಮೀಜಿ. ಹೊರಗಿನಿಂದ ವಿಕಿರಣ ಬಿಟ್ಟು, ಮಿದುಳಲ್ಲಿ ನಡುಕ ಹುಟ್ಟಿಸೋ ಚೂರು ಜಾಗವನ್ನಷ್ಟೇ ಸುಡ್ತೀವಿ. ಆದರೆ ನಡುಕ ತಕ್ಷಣ ನಿಲ್ಲಲ್ಲ, ತಿಂಗಳುಗಟ್ಟಲೆ ಬೇಕು."

"ನಿಧಾನವಾಗೇ ನಿಲ್ಲಲಿ. ನಮಗೂ ಅಭ್ಯಾಸಕ್ಕೆ ಸಮಯ ಬೇಕು."

ವರ್ಷ ಕಳೆದ ಮೇಲೆ ಡಾಕ್ಟರು ಹೆಂಡತಿಯೊಂದಿಗೆ ಮಠಕ್ಕೆ ಹೋದರು. ಸ್ವಾಮೀಜಿ ಬಲಗೈಯಲ್ಲಿ ತುಂಬಿದ ಲೋಟವೆತ್ತಿ, ಒಂದು ಹನಿಯೂ ಚೆಲ್ಲದೆ ಮಜ್ಜಿಗೆ ಕುಡಿದು ಕೆಳಗಿಟ್ಟರು. ಡಾಕ್ಟರ ಮುಖ ಅರಳಿತು.

ಹೆಂಡತಿ ಮುಂದೆ ಹೋಗಿ ತಲೆಬಾಗಿದಳು. ಅವಳ ತಲೆಯ ಮೇಲೆ ಅದೇ ಕೈ ಗಡಗಡ ನಡುಗಿತು.

ಹೊರಗೆ ಬಂದವಳು ಕಣ್ಣೊರೆಸಿಕೊಂಡು ಗಂಡನಿಗೆ ಹೇಳಿದಳು: "ಹೋದ ಸಲಕ್ಕಿಂತ ಈ ಸಲ ಶಕ್ತಿ ಜಾಸ್ತಿ ಇತ್ತು ರೀ!"