ತೆಳ್ಳಗಾಗುವ ಪುಡಿ

ವಾರಗಿತ್ತಿಯ ಬಳುಕುವ ಸೊಂಟ ಕಂಡರೆ ನಳಿನಾಕ್ಷಿಗೆ ಹೊಟ್ಟೆ ಉರಿಯುತ್ತಿತ್ತು. ಅದರ ಗುಟ್ಟು ಅಡುಗೆಮನೆಯ ಕಪಾಟಿನಲ್ಲೇ ಸಿಕ್ಕಿತು: ತೆಳ್ಳಗಾಗುವ ಗಿಡಮೂಲಿಕೆ ಪುಡಿ. ಅವಳನ್ನು ಮೀರಿಸುವ ಹಟಕ್ಕೆ ಬಿದ್ದು ಆರು ತಿಂಗಳು ದಿನವೂ ಎರಡೆರಡು ಚಮಚ ಕದ್ದು ಕುಡಿದಳು. ಎಷ್ಟು ಕದ್ದರೂ ಡಬ್ಬಿ ತುಂಬಿಯೇ ಇರುತ್ತಿತ್ತು.

ಕಣ್ಣು ಹಳದಿಯಾಯಿತು. ನರಕ್ಕೆ ಔಷಧಿ ಚುಚ್ಚಿ ಎಂಆರ್‌ಐ ಮಾಡಿದರು.

"ಚೆನ್ನಾಗಿರೋ ಲಿವರ್ ಈ ಔಷಧಿ ಹೀರ್ಕೊಂಡು ಬೆಳ್ಳಗೆ ಕಾಣುತ್ತೆ. ನಿಮ್ಮದು ಅರ್ಧಕ್ಕರ್ಧ ಕಪ್ಪಗಿದೆ. ಏನು ತಗೋತಿದ್ರಿ?" ಎಂದರು ಡಾಕ್ಟರು.

ನಳಿನಾಕ್ಷಿ ಪಕ್ಕದಲ್ಲಿದ್ದ ವಾರಗಿತ್ತಿಯ ಕೈ ಹಿಡಿದು ಅತ್ತಳು. "ನಿಮ್ಮ ಪುಡೀನೇ ಅಕ್ಕ, ಕದ್ದು ಕುಡಿದೆ. ನೀವೂ ಬೇಗ ಸ್ಕ್ಯಾನ್ ಮಾಡಿಸ್ಕೊಳ್ಳಿ!"

"ನಂಗ್ಯಾಕೆ? ಮೊದಲ್ನೇ ದಿನಾನೇ ವಾಂತಿಯಾಗಿ ಬಿಟ್ಟುಬಿಟ್ಟೆ," ಎಂದಳು ವಾರಗಿತ್ತಿ, ಮೆಲ್ಲಗೆ ಕೈ ಬಿಡಿಸಿಕೊಳ್ಳುತ್ತ. "ನೀನು ಕುಡೀತಿದ್ದೆಯಲ್ಲ, ಅದಕ್ಕೇ ಡಬ್ಬಿ ತುಂಬಿಸಿಡ್ತಿದ್ದೆ."